ಉಪ್ಪು ಇರುವ ಜಾಗ

ನನ್ನ ಮಗಳಿಗೆ ನನ್ನ ಮುಖ ಗೊತ್ತಿಲ್ಲ. ಹೀಗೆ ಹೇಳಿದರೆ ಜನ ನಗುತ್ತಾರೆ. ಹೋಟೆಲಿನವರ ಮಕ್ಕಳಿಗೆಲ್ಲ ಅದೇ ಗತಿಯಪ್ಪ, ಮಕ್ಕಳು ಏಳುವ ಮೊದಲು ಹೋಗಿ ಮಲಗಿದ ಮೇಲೆ ಬಂದರೆ ಇನ್ನೇನಾಗುತ್ತದೆ ಎನ್ನುತ್ತಾರೆ. ನಾನು ಹೇಳುವುದು ಆ ಅರ್ಥದಲ್ಲಲ್ಲ. ಇವಳು ದಿನಾ ನನ್ನ ಎದುರು ಕೂತು ಉಣ್ಣುವ ಎಂಟು ವರ್ಷದ ಹುಡುಗಿ. ನನ್ನ ಧ್ವನಿ ಗೊತ್ತು, ಕೆಮ್ಮು ಗೊತ್ತು, ನನ್ನ ಅಂಗಿಗೆ ಹತ್ತಿದ ಸಾಂಬಾರಿನ ವಾಸನೆ ಗೊತ್ತು. ಕಣ್ಣನ್ನು ಮುಂಬಯಿಯ ಮೂವರು ಡಾಕ್ಟರು ಪರೀಕ್ಷಿಸಿ ಬಹಳ ಚೆನ್ನಾಗಿದೆ ಎಂದಿದ್ದಾರೆ. ಮುಖ ಮಾತ್ರ ಗೊತ್ತಿಲ್ಲ.

ನನ್ನ ಕಸುಬು ಏನೆಂದು ಹೇಳಿದರೆ ತಮಾಷೆ ಪೂರ್ತಿಯಾಗುತ್ತದೆ. ಗೋರೆಗಾಂವ್ ಸ್ಟೇಷನ್ನಿನ ಹತ್ತಿರ ನಮ್ಮದೊಂದು ಉಡುಪಿ ಹೋಟೆಲ್. ಅಪ್ಪ ಶುರು ಮಾಡಿದ್ದು, ಈಗ ಗಲ್ಲಾದಲ್ಲಿ ನಾನು ಕೂರುತ್ತೇನೆ. ಗಲ್ಲಾದಲ್ಲಿ ಕೂತವನಿಗೆ ಲೆಕ್ಕ ಬರದಿದ್ದರೂ ನಡೆಯುತ್ತದೆ, ಅದಕ್ಕೆ ಮೆಷಿನ್ ಇದೆ. ಮುಖ ಮರೆತರೆ ನಡೆಯುವುದಿಲ್ಲ. ಎಷ್ಟೋ ವರ್ಷ ದುಬೈಯಲ್ಲಿದ್ದು ವಾಪಸು ಬಂದ ಗಿರಾಕಿಯೊಬ್ಬ ಬಾಗಿಲಲ್ಲಿ ಕಾಣಿಸಿದ ಕೂಡಲೇ ನಾನು ಒಳಗೆ "ಒಂದು ಉಪ್ಪಿಟ್ಟು, ಮೇಲೆ ಖಾರಾ ಶೇವ್ ಬೇಡ" ಎಂದು ಕೂಗಿದ್ದೆ. ಪಾಪ, ಅವನ ಕಣ್ಣಲ್ಲಿ ನೀರು ಬಂತು. ಅವನ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ವಿಷಯ ತಿಳಿದದ್ದು ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ. ಆಗ ಮಗಳಿಗೆ ಆರು ವರ್ಷ. ಸಂಬಂಧಿಕರ ಮದುವೆಗೆ ಹೊರಟಿದ್ದೆವು. ನಾನು ಸಾಮಾನ್ಯವಾಗಿ ಬಿಳಿ ಅರ್ಧ ತೋಳಿನ ಅಂಗಿ ಬಿಟ್ಟು ಬೇರೆ ಹಾಕುವವನಲ್ಲ. ನನ್ನ ಹೆಂಡತಿ ಅಂಧೇರಿಯಲ್ಲಿ ಒಂದು ಇನ್ಶೂರೆನ್ಸ್ ಕಂಪನಿಯ ಆಫೀಸಿನಲ್ಲಿ ಕೆಲಸ ಮಾಡುವವಳು, ನಾಲ್ಕು ಜನರ ನಡುವೆ ಹೇಗಿರಬೇಕೆಂದು ಬಲ್ಲವಳು. "ಮದುವೆಗೂ ಅದೇ ಬಿಳಿ ಅಂಗಿಯಾ ನಿಮ್ಮದು? ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎಂದು ಮರೂನ್ ಬಣ್ಣದ ಒಂದು ರೇಷ್ಮೆ ಕುರ್ತಾವನ್ನು ಕೈಗೆ ಕೊಟ್ಟಳು. ಅದನ್ನು ಹಾಕಿಕೊಂಡರೆ ನಾನು ಬ್ಯಾಂಡ್ ಬಾರಿಸುವವನ ಹಾಗೆ ಕಾಣುತ್ತಿದ್ದೆ. ಹಾಕಿಕೊಂಡೆ.

ಹೆಂಡತಿ ಮತ್ತು ಅಮ್ಮ ಲೇಡೀಸ್ ಡಬ್ಬಿಯಿಂದ ಇಳಿದು ಮುಂದೆ ಹೋಗಿದ್ದರು. ನಾನು ಮಗಳ ಕೈ ಹಿಡಿದು ಸೇತುವೆ ಹತ್ತಿದೆ. ಅಷ್ಟರಲ್ಲಿ ಹೋಟೆಲಿನ ಅಡಿಗೆ ಭಟ್ಟರ ಫೋನು. ಗ್ಯಾಸ್ ಸಿಲಿಂಡರ್ ಖಾಲಿಯಾಗಿದೆಯಂತೆ. ಜೇಬಿನಿಂದ ಫೋನ್ ತೆಗೆಯಲು ಕೈ ಬಿಟ್ಟೆ. ಕುರ್ತಾದ ಜೇಬು ಎಲ್ಲಿದೆ ಎಂದು ಹುಡುಕುವುದರಲ್ಲಿ ಸ್ವಲ್ಪ ಹೊತ್ತು ಹೋಯಿತು. ತಲೆ ಎತ್ತಿ ನೋಡಿದರೆ ಮಗಳು ಮುಂದೆ ಹೋಗುತ್ತಿದ್ದಾಳೆ, ಬಿಳಿ ಅಂಗಿಯ ಒಬ್ಬ ಮನುಷ್ಯನ ಕೈ ಹಿಡಿದುಕೊಂಡು, ಬಹಳ ನೆಮ್ಮದಿಯಿಂದ. ಆ ಮನುಷ್ಯನ ಇನ್ನೊಂದು ಹೆಗಲ ಮೇಲೆ ಗೊಂಡೆ ಹೂವಿನ ದೊಡ್ಡ ಮೂಟೆ. ಅವನು ಕೈ ಬಿಡಿಸಿಕೊಳ್ಳಲೂ ಆಗದೆ, ಮೂಟೆ ಇಳಿಸಲೂ ಆಗದೆ, ಸುತ್ತ ನೋಡುತ್ತ, "ಅಹೋ, ಹೀ ಮುಲಗೀ ಕೋಣಾಚೀ?" ಎಂದು ಕೇಳುತ್ತಿದ್ದ. ಈ ಹುಡುಗಿ ಯಾರದ್ದು ಎಂದು.

ನಾನು ಹೆಸರು ಹಿಡಿದು ಕೂಗಿದೆ. ಅವಳು ನನ್ನ ಧ್ವನಿಯ ಕಡೆ ತಿರುಗಿದಳು. ನನ್ನ ಮುಖ ನೋಡಿದಳು. ಆಮೇಲೆ ತಲೆ ಎತ್ತಿ ಅವನ ಮುಖ ನೋಡಿದಳು. ಮತ್ತೆ ನನ್ನದು. ಗಾಬರಿ ಏನೂ ಇರಲಿಲ್ಲ. ಇಬ್ಬರಲ್ಲಿ ಪಪ್ಪಾ ಯಾರು ಎಂದು ಯಾರಾದರೂ ಹೇಳಲಿ ಅಂತ ಕಾಯುತ್ತಿದ್ದಳು. ನಾನು ಹೇಳಿದೆ.

ಮದುವೆಯ ಊಟ ನನಗೆ ಸೇರಲಿಲ್ಲ. ಸಾರು ನೀರಾಗಿತ್ತು ಎಂಬುದೂ ನಿಜ, ಆದರೆ ಕಾರಣ ಅದಲ್ಲ.

ಅಲ್ಲಿಂದ ಶುರುವಾದದ್ದು ಎಲ್ಲರ ಅಭಿಪ್ರಾಯ. ಶಾಲೆಯ ಟೀಚರ್ ಹೇಳಿದರು, ಹುಡುಗಿ ಚುರುಕು, ಆದರೆ ಗಮನವಿಲ್ಲ, ಓದುವಾಗ ಸಾಲು ಬಿಟ್ಟು ಸಾಲಿಗೆ ಹಾರುತ್ತಾಳೆ. ಮೊದಲನೆಯ ಕಣ್ಣಿನ ಡಾಕ್ಟರು ದೂರದಲ್ಲಿ ಒಂದೊಂದೇ ಅಕ್ಷರ ತೋರಿಸಿದರು, ಇವಳು ಒಂದನ್ನೂ ಬಿಡದೆ ಹೇಳಿದಳು. "ಹದ್ದಿನ ಕಣ್ಣು, ಕರ್ಕೊಂಡು ಹೋಗಿ" ಎಂದರು. ಎರಡನೆಯವರು ಕಣ್ಣಿಗೆ ಹನಿ ಹಾಕಿ, ಲೈಟು ಬಿಟ್ಟು ನೋಡಿ, ಈ ಕಾಲದ ಮಕ್ಕಳು ಬಹಳ ನಾಟಕ ಮಾಡುತ್ತಾರೆ ಎಂದು ನನಗೆ ಹಿಂದಿಯಲ್ಲಿ ತಿಳಿಹೇಳಿದರು. ಹದ್ದಿನ ಕಣ್ಣಿನ ಹುಡುಗಿ ನಮ್ಮ ಬಿಲ್ಡಿಂಗಿನ ಮೆಟ್ಟಿಲಲ್ಲಿ ದಿನಾ ಕೊನೆಯ ಮೆಟ್ಟಿಲು ತಪ್ಪಿ ಮುಗ್ಗರಿಸುತ್ತಿದ್ದಳು. "ಕಣ್ಣು ಎಲ್ಲಿಟ್ಟುಕೊಂಡು ನಡೀತಿ?" ಎಂದು ನಾವೂ ದಿನಾ ಕೇಳುತ್ತಿದ್ದೆವು. ಪ್ರಶ್ನೆ ಸರಿಯಾಗಿಯೇ ಇತ್ತು, ಉತ್ತರ ಯಾರಿಗೂ ಬೇಕಿರಲಿಲ್ಲ.

ಅಮ್ಮನ ಪ್ರಕಾರ ಮಗುವಿಗೆ ದೃಷ್ಟಿಯಾಗಿತ್ತು. ಮದುವೆಯಲ್ಲಿ ಎಲ್ಲರೂ ಹುಡುಗಿ ಎಷ್ಟು ಚಂದ ಎಂದಿದ್ದರಂತೆ. ಸೇತುವೆಯ ಮೇಲೆ ಹಾಗಾದದ್ದು ಮದುವೆಗೆ ಹೋಗುವ ಮೊದಲೇ ಅಲ್ಲವಾ ಎಂದರೆ, "ನೀನು ಸುಮ್ಮನಿರು ಮಾರಾಯ" ಎಂದು ಉಪ್ಪು ಮೆಣಸು ಸಾಸಿವೆ ನಿವಾಳಿಸಿ ಗ್ಯಾಸಿನ ಮೇಲೆ ಹಾಕಿದಳು. ಮನೆ ತುಂಬ ಘಾಟು. ಪಕ್ಕದ ಫ್ಲ್ಯಾಟಿನ ಗುಜರಾತಿಗಳು ಬಂದು ಏನಾಯಿತು ಎಂದು ಕೇಳಿ ಕೆಮ್ಮಿಕೊಂಡು ಹೋದರು. ಹೀಗೆ ಅಮ್ಮ ದೃಷ್ಟಿ ತೆಗೆದಳು. ದೃಷ್ಟಿ ಬರಲಿಲ್ಲ.

ಆದರೆ ಕಣ್ಣಿನಲ್ಲೇ ಏನೋ ತೊಂದರೆ ಇರಬಹುದು ಎಂದು ಯಾರಾದರೂ ಅಂದರೆ ಅಮ್ಮನಿಗೆ ಸಿಟ್ಟು ಬರುತ್ತಿತ್ತು. ಅವಳ ಬಳಿ ಒಂದು ದೊಡ್ಡ ಸಾಕ್ಷಿ ಇತ್ತು, ಬಾಳೆಎಲೆ. ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಎಲೆಯೂಟ. ಹೋಟೆಲಿಗೆ ಬರುವ ಬಾಳೆಎಲೆಗಳಲ್ಲಿ ನಾಲ್ಕು ನಮ್ಮ ಮನೆಗೆ ಬರುತ್ತವೆ. ಮೊಮ್ಮಗಳು ಎಲೆಯ ಮುಂದೆ ಕೂತರೆ ಒಂದು ಅಗುಳು ಆಚೀಚೆ ಆಗುತ್ತಿರಲಿಲ್ಲ. ಬೆರಳು ನೇರ ಉಪ್ಪಿಗೆ, ಅಲ್ಲಿಂದ ಉಪ್ಪಿನಕಾಯಿಗೆ, ಅಲ್ಲಿಂದ ಚಟ್ನಿಗೆ.

"ಕಣ್ಣು ಕಾಣದ ಮಗುವಾ ಇದು? ಎಲೆಯಲ್ಲಿ ಉಪ್ಪಿನಕಾಯಿ ಎಲ್ಲುಂಟು ಅಂತ ನನಗಿಂತ ಮೊದಲು ಅದಕ್ಕೆ ಗೊತ್ತುಂಟು" ಎನ್ನುತ್ತಿದ್ದಳು ಅಮ್ಮ. ನನಗೂ ಒಳಗೊಳಗೇ ಸಮಾಧಾನವಾಗುತ್ತಿತ್ತು. ಇಷ್ಟು ಸಣ್ಣ ಉಪ್ಪನ್ನು ಕಾಣುವವಳಿಗೆ ಇಷ್ಟು ದೊಡ್ಡ ಅಪ್ಪ ಕಾಣುವುದಿಲ್ಲ ಎಂದರೆ ಅದು ಮಕ್ಕಳಾಟವೇ ಇರಬೇಕು ಎಂದುಕೊಳ್ಳುತ್ತಿದ್ದೆ.

ಮೂರನೆಯ ಕಣ್ಣಿನ ಡಾಕ್ಟರು ಎಳೆಯರು. ಅವರೂ ಕಣ್ಣು ಸರಿ ಇದೆ ಎಂದರು. ಆದರೆ ಹೊರಡುವಾಗ ಒಂದು ಪ್ರಶ್ನೆ ಕೇಳಿದರು, ಮಗು ದಿನ ತುಂಬುವ ಮೊದಲೇ ಹುಟ್ಟಿತ್ತಾ ಎಂದು. ಹೌದು. ಏಳನೇ ತಿಂಗಳಲ್ಲಿ ಹುಟ್ಟಿದಾಗ ಇವಳ ತೂಕ ನಮ್ಮ ಕಿಲೋ ರವೆಯ ಪ್ಯಾಕೆಟ್ಟಿಗಿಂತ ಚೂರು ಜಾಸ್ತಿ. ಎಷ್ಟೋ ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಅದನ್ನು ಕೇಳಿದ ಮೇಲೆ ಅವರು ಮತ್ತೆ ಕೂತುಕೊಳ್ಳಿ ಎಂದರು. ಕಣ್ಣನ್ನೂ ಮಿದುಳನ್ನೂ ಒಟ್ಟಿಗೆ ನೋಡುವ ಮಕ್ಕಳ ಡಾಕ್ಟರು ಈಗ ಮುಂಬಯಿಯಲ್ಲಿದ್ದಾರೆ, ಅಲ್ಲಿಗೆ ಹೋಗಿ ಎಂದು ಬರೆದುಕೊಟ್ಟರು.

ಆ ಡಾಕ್ಟರು ಮರಾಠಿ ಹೆಂಗಸು, ನಡು ವಯಸ್ಸು, ಮಾತು ಕಡಿಮೆ. ನಾವು ಮೂವರೂ ಹೋಗಿದ್ದೆವು, ಜೊತೆಗೆ ಅಮ್ಮ, ಸಾಕ್ಷಿ ಹೇಳಲು. ಅಕ್ಷರದ ಬೋರ್ಡ್ ಅವರು ತೋರಿಸಲೇ ಇಲ್ಲ. ಮೆಟ್ಟಿಲು ಇಳಿಯುವಾಗ ಎಡವುತ್ತಾಳಾ? ಆಟಿಕೆ ತುಂಬಿದ ಬುಟ್ಟಿಯಲ್ಲಿ ತನಗೆ ಬೇಕಾದ್ದು ಸಿಗುತ್ತದಾ, ಅಥವಾ ಇಡೀ ಬುಟ್ಟಿ ಸುರಿಯುತ್ತಾಳಾ? ಜನಸಂದಣಿಯಲ್ಲಿ ನಿಮ್ಮನ್ನು ಕಳೆದುಕೊಳ್ಳುತ್ತಾಳಾ? ಒಂದೊಂದು ಪ್ರಶ್ನೆಗೂ ನನ್ನ ಹೆಂಡತಿ ಹೌದು, ಹೌದು ಎನ್ನುತ್ತ ಹೋದಳು. ಆಮೇಲೆ ಹೌದು ಎನ್ನುವುದನ್ನೂ ಬಿಟ್ಟು ಅಳತೊಡಗಿದಳು. ನಮ್ಮ ಮನೆಯೊಳಗೆ ಯಾರೋ ಕೂತು ನೋಡಿದ ಹಾಗಿತ್ತು.

ಆಮೇಲೆ ತಲೆಯ ಸ್ಕ್ಯಾನ್ ಮಾಡಿಸಿದರು. ಅದರಲ್ಲಿ ಮಿದುಳಿನ ನಡುವೆ ಕೆಲವು ಕಡೆ ಬಿಳಿಚಿದ ಗುರುತುಗಳು. ಬೇಗ ಹುಟ್ಟಿದ ಮಕ್ಕಳಲ್ಲಿ ಅಲ್ಲಿನ ನರದ ಎಳೆಗಳಿಗೆ ಪೆಟ್ಟಾಗಿರುತ್ತದೆ ಎಂದರು ಡಾಕ್ಟರು.

"ಕಣ್ಣು ಬರೀ ಫೋಟೋ ತೆಗೆದು ಕಳಿಸುತ್ತದೆ. ನೋಡುವುದು ಮಿದುಳು" ಎಂದರು ಹಿಂದಿಯಲ್ಲಿ. "ಇವಳ ಫೋಟೋ ಚೆನ್ನಾಗಿಯೇ ಬರುತ್ತಿದೆ. ಒಳಗೆ ಅದನ್ನು ಬಿಡಿಸಿಕೊಳ್ಳುವುದು ಕಷ್ಟ. ಒಂದೇ ವಸ್ತು ಇದ್ದರೆ ಗೊತ್ತಾಗುತ್ತದೆ. ಹತ್ತು ಇದ್ದರೆ ಒಂದೂ ಗೊತ್ತಾಗುವುದಿಲ್ಲ."

ನಾನು ಇದನ್ನು ನನ್ನ ಭಾಷೆಗೆ ತಂದುಕೊಂಡೆ. ಭಾನುವಾರ ಬೆಳಿಗ್ಗೆ ನಮ್ಮ ಹೋಟೆಲಿನಲ್ಲಿ ಎಲ್ಲ ಟೇಬಲಿನ ಆರ್ಡರೂ ಒಟ್ಟಿಗೆ ಕೂಗುತ್ತಾರೆ. ಒಂದೊಂದು ಮಾತೂ ಅಡಿಗೆಮನೆಗೆ ಕೇಳಿಸುತ್ತದೆ. ಭಟ್ಟರು ಕಿವುಡರಲ್ಲ. ಆದರೂ ಯಾವ ದೋಸೆ ಯಾವ ಟೇಬಲಿಗೆ ಎಂದು ಬಿಡಿಸುವವನು ರಜೆ ಹಾಕಿದ್ದರೆ ಒಬ್ಬನಿಗೂ ತಿಂಡಿ ಸಿಗುವುದಿಲ್ಲ. ನನ್ನ ಮಗಳ ತಲೆಯಲ್ಲಿ ಆ ಒಬ್ಬ ರಜೆಯ ಮೇಲಿದ್ದ.

"ನಾನು ಕಲಿಯುವ ಕಾಲದಲ್ಲಿ ನಮಗಿದನ್ನು ಯಾರೂ ಹೀಗೆ ಹೇಳಿಕೊಡಲಿಲ್ಲ" ಎಂದರು ಡಾಕ್ಟರು. "ಅಕ್ಷರ ಓದಿದರೆ ಕಣ್ಣು ಸರಿ, ಮುಂದಿನ ಪೇಷಂಟ್ ಬರಲಿ, ಅಷ್ಟೇ. ಇಷ್ಟು ಬೇಗ ಹುಟ್ಟಿದ ಮಕ್ಕಳು ಮೊದಲು ಉಳಿಯುತ್ತಲೂ ಇರಲಿಲ್ಲ. ಈಗ ಉಳಿಯುತ್ತವೆ, ಶಾಲೆಗೆ ಹೋಗುತ್ತವೆ, ದಡ್ಡ ಅಂತ ಬೈಸಿಕೊಳ್ಳುತ್ತವೆ. ಹಾಗಾಗಿ ನಾವೂ ಕಲಿತೆವು."

ಔಷಧವೇನು ಎಂದೆ. ಇಲ್ಲ ಎಂದರು. ಕನ್ನಡಕ? ಬೇಡ. ಆಪರೇಷನ್? ಕಣ್ಣಿನಲ್ಲಿ ತೊಂದರೆಯೇ ಇಲ್ಲವಲ್ಲ ಎಂದರು. ಹಾಗಾದರೆ ಏನಿದೆ ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ. "ಕೆಲಸ ಇದೆ" ಎಂದರು. "ಬಹಳ ಕೆಲಸ. ಮಕ್ಕಳ ಮಿದುಳು ಕಲಿಯುತ್ತದೆ. ಸುತ್ತಲಿನದನ್ನು ಅದಕ್ಕೆ ಸುಲಭ ಮಾಡಿಕೊಡಬೇಕು."

ಆಗ ಅಮ್ಮ ತನ್ನ ಸಾಕ್ಷಿ ಹೊರತೆಗೆದಳು. ಎಲೆಯ ವಿಷಯ ಕನ್ನಡದಲ್ಲಿ ಹೇಳಿದಳು, ನಾನು ಹಿಂದಿ ಮಾಡಿದೆ. ಡಾಕ್ಟರು ಮೊದಲ ಬಾರಿ ಪೆನ್ನು ಕೆಳಗಿಟ್ಟರು. ಉಪ್ಪು ಯಾವ ಕಡೆ ಬಡಿಸುತ್ತೀರಿ ಎಂದು ಕೇಳಿದರು. ಅಮ್ಮನಿಗೆ ಅದು ಕೇಳುವ ಪ್ರಶ್ನೆ ಎಂದೇ ಅನಿಸಲಿಲ್ಲ. "ಎಡಗಡೆ ತುದಿಯಲ್ಲಿ. ಮತ್ತೆಲ್ಲಿ?" ಎಂದಳು.

"ನಮ್ಮಲ್ಲೂ ಹಾಗೆಯೇ ಆಜಿ, ಎಡಕ್ಕೆ ಉಪ್ಪು, ಲಿಂಬು, ಚಟ್ನಿ" ಎಂದರು ಡಾಕ್ಟರು. "ಒಂದು ಸಲ ಜಾಗ ಬದಲಿಸಿ ಬಡಿಸಿ ನೋಡಿ."

ಮನೆಗೆ ಬಂದ ಮೇಲೆ ಅಮ್ಮ ಹೇಳಿದಳು, "ನನ್ನ ಕೈಯಿಂದ ಆಗ್ಲಿಕ್ಕಿಲ್ಲ. ದೇವರ ಎಲೆಗೂ ಹಾಗೇ ಬಡಿಸಿದ್ದು ನಾನು, ನಿನ್ನಪ್ಪನ ಎಲೆಗೂ ಹಾಗೇ ಬಡಿಸಿದ್ದು. ಉಪ್ಪು ಇರುವ ಜಾಗದಲ್ಲಿ ಉಪ್ಪೇ ಇರಬೇಕು. ಡಾಕ್ಟರು ಹೇಳಿದರಂತೆ, ಮಗುವಿನ ಎಲೆ ಅಡ್ಡಾದಿಡ್ಡಿ ಮಾಡ್ಬೇಕಂತೆ. ಎಂತ ಕಾಲ ಬಂತು."

ಹಾಗಾಗಿ ಆ ಕೆಲಸವನ್ನು ನಾನು ಹೋಟೆಲಿನಲ್ಲಿ ಮಾಡಿದೆ. ಮಧ್ಯಾಹ್ನದ ಗದ್ದಲ ಇಳಿದ ಮೇಲೆ ಮೂಲೆಯ ಟೇಬಲಿಗೆ ಒಂದು ಎಲೆ ಹಾಕಿ, ಎಡ ತುದಿಗೆ ಉಪ್ಪಿನಕಾಯಿ, ಅದರ ಪಕ್ಕ ಕ್ಯಾಬೇಜ್ ಪಲ್ಯ, ಬಲ ತುದಿಗೆ ಉಪ್ಪು, ಹೀಗೆ ಬಡಿಸಿದೆ. ಭಟ್ಟರು ಹಿಂದೆ ನಿಂತು ನೋಡಿ ಧ್ವನಿ ತಗ್ಗಿಸಿ ಕೇಳಿದರು, "ಧಣಿ, ಯಾರದ್ದಾದ್ರೂ ತಿಥಿಯಾ?" ಅಮ್ಮ ಬರುವುದಿಲ್ಲ ಎಂದವಳು ಬಂದು ಬಾಗಿಲ ಹತ್ತಿರ ನಿಂತಿದ್ದಳು.

ಮಗಳು ಕೂತಳು. ಕೈ ಎಂದಿನ ಹಾಗೆ ಎಡ ತುದಿಗೆ ಹೋಯಿತು. ಒಂದು ಚಿಟಿಕೆ ತೆಗೆದು ಅನ್ನಕ್ಕೆ ಹಾಕಿ ಬಾಯಿಗಿಟ್ಟಳು. ಮುಖ ಸಿಂಡರಿಸಿದಳು. ಉಪ್ಪಿನಕಾಯಿ ಇರುವ ಜಾಗಕ್ಕೆ ಬೆರಳು ಹೋಯಿತು, ಪಲ್ಯ ಹತ್ತಿತು. ಚಟ್ನಿಯ ಜಾಗದಲ್ಲಿ ಹಪ್ಪಳ. ಆಗ ಅವಳು ಕೈ ಹಿಂದೆ ತೆಗೆದು, ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಎಲೆಯನ್ನು ದಿಟ್ಟಿಸಿದಳು. ಎಲ್ಲವೂ ಅವಳ ಕಣ್ಣೆದುರಿಗೇ ಇತ್ತು. ಬಿಳಿ ಉಪ್ಪು, ಕೆಂಪು ಉಪ್ಪಿನಕಾಯಿ, ಹಸಿರು ಎಲೆ. ಅವಳಿಗೆ ಅದರಲ್ಲಿ ಏನೂ ಸಿಗಲಿಲ್ಲ.

"ಇದು ಯಾರ ಎಲೆ?" ಎಂದು ಕೇಳಿದಳು.

ಅಮ್ಮ ಬಾಗಿಲಿನಿಂದ ಬಂದು ಆ ಎಲೆಯನ್ನು ಮಡಚಿ ತೆಗೆದಳು. ಟೇಬಲ್ ಒರೆಸಿ ಬೇರೆ ಎಲೆ ಹಾಕಿ, ನೀರು ಚಿಮುಕಿಸಿ, ಎಡ ತುದಿಯಿಂದ ಉಪ್ಪು, ಉಪ್ಪಿನಕಾಯಿ, ಚಟ್ನಿ ಎಂದು ಸರಿಯಾಗಿ ಬಡಿಸಿದಳು. ಮಗಳು ಏನೂ ಆಗದವಳ ಹಾಗೆ ಉಂಡಳು. ಅಮ್ಮ ಪಾತ್ರೆ ತೊಳೆಯುವ ಕಡೆ ಹೋಗಿ, ನಲ್ಲಿ ಪೂರ್ತಿ ಬಿಟ್ಟು, ಜೋರಾಗಿ ಅತ್ತಳು. ನನಗೆ ಹೆದರಿಕೆಯಾಯಿತು. ಅಷ್ಟು ವರ್ಷ ನಾವು ಮೆಚ್ಚಿಕೊಂಡದ್ದು ಮಗುವಿನ ಕಣ್ಣನ್ನಲ್ಲ, ನಮ್ಮ ಬಡಿಸುವ ಕ್ರಮವನ್ನು.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಆದರೆ ಮುಂದಿನ ಸಲ ಹೋದಾಗ ನಮ್ಮ ಹಿತ್ತಲ ಗಿಡವನ್ನೇ ಡಾಕ್ಟರು ಮದ್ದು ಎಂದರು. ಎಲೆ ನಿಮಗೆ ಮೋಸ ಮಾಡಿತು ಅಂತ ಅದನ್ನು ಬಯ್ಯಬೇಡಿ ಎಂದು ಅಮ್ಮನಿಗೆ ಹೇಳಿದರು. ಈ ಮಗು ಜಾಗದ ಮೇಲೆ ಜೀವನ ಮಾಡಲು ಕಲಿತದ್ದೇ ಆ ಎಲೆಯಿಂದ, ಇನ್ನು ಮನೆಯನ್ನೆಲ್ಲ ಹಾಗೆ ಮಾಡಿ ಎಂದರು. ಹೀಗೆ ಹೇಳುವಾಗ ಅವರಿಗೆ ನಮ್ಮ ಅಮ್ಮ ಎಂಥವಳು ಎಂದು ಗೊತ್ತಿರಲಿಲ್ಲ.

ಅಮ್ಮ ಮನೆಯನ್ನು ಕೈಗೆ ತೆಗೆದುಕೊಂಡಳು. ಹಲ್ಲುಜ್ಜುವ ಬ್ರಶ್ಶಿಗೆ ಒಂದು ಜಾಗ, ಸಾಕ್ಸಿಗೆ ಒಂದು ಜಾಗ, ಪೆನ್ಸಿಲಿಗೆ ಒಂದು. ಶೋಕೇಸಿನಲ್ಲಿದ್ದ ಗೊಂಬೆಗಳು, ಟ್ರೋಫಿಗಳು, ಯಾರೋ ಗೃಹಪ್ರವೇಶಕ್ಕೆ ಕೊಟ್ಟ ಗಾಜಿನ ತಾಜಮಹಲು ಎಲ್ಲ ಅಟ್ಟಕ್ಕೆ ಹೋದವು. ಗೋಡೆಯ ಕ್ಯಾಲೆಂಡರುಗಳು ಇಳಿದವು. ಮಂಚಕ್ಕೆ ಹೂವಿನ ಚಾದರದ ಬದಲು ಒಂದೇ ಬಣ್ಣದ್ದು ಬಂತು, ಅದರ ಮೇಲೆ ಯೂನಿಫಾರ್ಮ್ ಇಟ್ಟರೆ ಅವಳಿಗೆ ಸಿಗಲಿ ಎಂದು. ನಾನು ಪೇಪರನ್ನು ಸೋಫಾದ ಮೇಲೆ ಬಿಟ್ಟು ಎದ್ದರೆ, "ಉಪ್ಪು ಇರುವ ಜಾಗದಲ್ಲಿ ಉಪ್ಪು!" ಎಂದು ಒಳಗಿನಿಂದ ಕೂಗು. ನನ್ನ ಕನ್ನಡಕವನ್ನು ಫ್ರಿಜ್ಜಿನ ಮೇಲೆ ಇಡಬೇಕೆಂದು ತೀರ್ಮಾನವಾಯಿತು. ಯಾಕೆ ಫ್ರಿಜ್ಜು ಎಂದು ಕೇಳುವ ಹಕ್ಕು ನನಗಿರಲಿಲ್ಲ.

ಆಸ್ಪತ್ರೆಯ ಥೆರಪಿಸ್ಟ್ ಒಂದು ಕಪ್ಪು ರಟ್ಟಿನಲ್ಲಿ ಉದ್ದದ ಕಿಂಡಿ ಕೊರೆದು ಕೊಟ್ಟಳು. ಪುಸ್ತಕದ ಮೇಲೆ ಅದನ್ನಿಟ್ಟರೆ ಒಂದೇ ಸಾಲು ಕಾಣುತ್ತದೆ, ಉಳಿದ ಗದ್ದಲವೆಲ್ಲ ಮುಚ್ಚಿಹೋಗುತ್ತದೆ. ಮೆಟ್ಟಿಲಿನ ಅಂಚಿಗೆ ಹಳದಿ ಪಟ್ಟಿ ಅಂಟಿಸಿದೆವು. ಸೊಸೈಟಿಯ ಕಮಿಟಿಯವರು ಬಿಲ್ಡಿಂಗಿನ ಅಂದ ಕೆಡುತ್ತದೆ ಎಂದರು. ನಮ್ಮ ಬಿಲ್ಡಿಂಗಿಗೆ ಅಂದ ಇತ್ತು ಎಂಬ ಸುದ್ದಿ ನನಗೆ ಆಗಲೇ ತಿಳಿದದ್ದು. ಟೀಚರಿಗೆ ಡಾಕ್ಟರು ಫೋನು ಮಾಡಿ ಎಲ್ಲ ವಿವರಿಸಿದರು. ಅವರು ಮಗಳನ್ನು ಮುಂದಿನ ಬೆಂಚಿಗೆ ಕರೆದು, ಬೋರ್ಡಿನಲ್ಲಿ ಬರೆದದ್ದನ್ನು ಪ್ರತಿ ಸಲ ಪೂರ್ತಿ ಒರೆಸಿ ಹೊಸದಾಗಿ ಬರೆಯತೊಡಗಿದರು. ಪವಾಡ ಏನೂ ಆಗಲಿಲ್ಲ. ಆದರೆ ತಿಂಗಳುಗಳು ಕಳೆಯುತ್ತಿದ್ದಂತೆ ಅವಳು ಸಾಲು ಹಾರುವುದು ಕಡಿಮೆಯಾಯಿತು, ಒಂದು ದಿನ ಹೋಟೆಲಿನ ಮೆನು ಕಾರ್ಡಿನ ಮೇಲೆ ರಟ್ಟಿಟ್ಟು ಇಡ್ಲಿಯಿಂದ ಫಲೂದಾವರೆಗೆ ಓದಿದಳು. ಡಾಕ್ಟರು ಈಗ ಬೇರೆ ತಾಯಂದಿರಿಗೂ 'ಉಡುಪಿ ಸಿಸ್ಟಮ್' ಎಂದು ಹೇಳಿಕೊಡುತ್ತಾರಂತೆ. ಅಮ್ಮನಿಗೆ ಅದನ್ನು ತಿಳಿಸಿದ್ದು ತಪ್ಪಾಯಿತು, ಊರಿನಲ್ಲಿ ಫೋನ್ ಇರುವವರಿಗೆಲ್ಲ ಸುದ್ದಿ ಹೋಯಿತು.

ಮುಖ ಮಾತ್ರ ಎಲ್ಲಿತ್ತೋ ಅಲ್ಲೇ ಉಳಿಯಿತು.

ಎಲೆಗೆ ಆದದ್ದು ಮುಖಕ್ಕೆ ಯಾಕೆ ಆಗುವುದಿಲ್ಲ ಎಂದು ಡಾಕ್ಟರನ್ನು ಕೇಳಿದೆ. ಮೂಗಿಗೂ ಕಣ್ಣಿಗೂ ಜಾಗ ಇದೆಯಲ್ಲ ಎಂದೆ. "ಅದೇ ತೊಂದರೆ" ಎಂದರು. "ಎಲ್ಲರಿಗೂ ಅದೇ ಜಾಗದಲ್ಲಿದೆ." ಜನರನ್ನು ಗುರುತಿಸಲು ಅವಳಿಗೆ ಬೇರೆ ಗುರುತು ಕೊಡಿ ಎಂದರು, ಧ್ವನಿ, ಬಣ್ಣ, ಕೂದಲು. ಹತ್ತಿರ ಹೋದಾಗ ನೀವೇ ಯಾರೆಂದು ಹೇಳಿ, ಅವಳನ್ನು ಪರೀಕ್ಷೆ ಮಾಡಬೇಡಿ. ಮುಂದೆಂದಾದರೂ ನನ್ನ ಮುಖ ಗೊತ್ತಾಗುತ್ತದಾ ಎಂದು ಕೇಳಿದೆ. ಡಾಕ್ಟರು ಸುಳ್ಳು ಹೇಳುವವರಲ್ಲ. "ಗೊತ್ತಿಲ್ಲ. ಬಹುಶಃ ಇಲ್ಲ" ಎಂದರು.

ಹೆಂಡತಿ ಇದನ್ನು ಸಲೀಸಾಗಿ ತೆಗೆದುಕೊಂಡಳು. ಮಗಳನ್ನು ಶಾಲೆಯಿಂದ ಕರೆತರುವ ದಿನ ಹಳದಿ ದುಪಟ್ಟಾ ಹಾಕಿಕೊಂಡು ಹೋಗುತ್ತಾಳೆ, ಮುಗಿಯಿತು. ನನಗೆ ಅದು ಆಗಲಿಲ್ಲ. ಬಟ್ಟೆಯ ಮೇಲೆ ನನಗೆ ನಂಬಿಕೆ ಹೋಗಿತ್ತು, ಅದೇ ಬಟ್ಟೆ ಹಾಕಿದ ಯಾರ ಕೈಯನ್ನಾದರೂ ಹಿಡಿದಾಳು. ಹಾಗಾಗಿ ನಾನು ಗೇಟಿನಲ್ಲಿ ನಿಂತು, ಅವಳು ಹತ್ತಿರ ಬಂದಾಗ, "ನಾನು ಪಪ್ಪಾ" ಎನ್ನುತ್ತಿದ್ದೆ. ಬೇರೆ ಅಪ್ಪಂದಿರು ಓರೆಗಣ್ಣಲ್ಲಿ ನೋಡುತ್ತಿದ್ದರು. ಅವರಲ್ಲಿ ನಮ್ಮ ಗಿರಾಕಿಯಾದ ಒಬ್ಬ ಹೋಟೆಲಿಗೆ ಬಂದವನು, ಮನೆಯಲ್ಲಿ ಎಲ್ಲ ಸರಿ ಇದೆಯಲ್ಲ ಸೇಠ್ ಎಂದು ಕೇಳಿದ. ನಾಚಿಕೆಯಾದದ್ದು ಅದಕ್ಕಲ್ಲ. ದಿನಾ ಸ್ವಂತ ಮಗಳಿಗೆ ನನ್ನ ಪರಿಚಯ ಮಾಡಿಕೊಡಬೇಕಲ್ಲ ಎಂಬುದಕ್ಕೆ. ಎಲ್ಲರ ಮನೆ ದೋಸೆಯೂ ತೂತು, ನಮ್ಮ ಮನೆ ಕಾವಲಿಯೇ ತೂತು ಎಂದು ಹೇಳಿಕೊಂಡು ಗಲ್ಲಾಕ್ಕೆ ಮರಳುತ್ತಿದ್ದೆ. ಅಲ್ಲಿ ಕೂತು, ಬರುವ ಹೋಗುವ ಅಪರಿಚಿತರನ್ನೆಲ್ಲ ಒಬ್ಬೊಬ್ಬರಾಗಿ ಗುರುತು ಹಿಡಿಯುತ್ತಿದ್ದೆ.

ಕಳೆದ ಮಳೆಗಾಲ ಮುಗಿದ ಮೇಲೆ ಒಂದು ದಿನ ನಾನು ಬಾಯಿ ತೆರೆಯಲಿಲ್ಲ. ಪರೀಕ್ಷೆ ಮಾಡಬೇಡಿ ಎಂದಿದ್ದರು, ನಾನು ಮಾಡಿದೆ. ಇಷ್ಟೆಲ್ಲ ಕಲಿತಿದ್ದಾಳೆ, ಒಂದು ವೇಳೆ ಇದೂ ಬಂದಿದ್ದರೆ ಎಂಬ ಆಸೆ. ಗೇಟಿನ ಮುಂದೆ ಅಪ್ಪಂದಿರು, ಅಮ್ಮಂದಿರು, ಸ್ಕೂಲ್ ಬಸ್ಸಿನವರು ಎಲ್ಲ ಗುಂಪಾಗಿ ನಿಂತಿದ್ದರು. ನಾನೂ ನಡುವೆ ನಿಂತೆ. ಮಗಳು ಬ್ಯಾಗು ಹೊತ್ತು ಬಂದಳು, ಗೇಟಿನ ಹತ್ತಿರ ನಿಂತು ಒಂದೊಂದೇ ಮುಖ ನೋಡತೊಡಗಿದಳು. ನನ್ನ ಮುಖಕ್ಕೂ ಬಂದಳು. ಅವಳು ನನ್ನನ್ನು ನೇರವಾಗಿ ನೋಡಿದಳು, ಗಮನವಿಟ್ಟು, ಸೌಜನ್ಯದಿಂದ. ಆಮೇಲೆ ಪಕ್ಕದವನ ಮುಖಕ್ಕೆ ಹೋದಳು.

ಅಳು ಬೆರೆತ ಧ್ವನಿಯಲ್ಲಿ ಕರೆದರೆ ಅದೂ ಗೊತ್ತಾಗಲಿಕ್ಕಿಲ್ಲ ಅನಿಸಿತು. ಕಣ್ಣೊರೆಸಿಕೊಂಡು ಬರೋಣವೆಂದು ತಿರುಗಿ ಆಟೋ ಸ್ಟ್ಯಾಂಡಿನ ಕಡೆ ನಡೆದೆ.

"ಪಪ್ಪಾ!"

ತಿರುಗಿ ನೋಡಿದರೆ ಮಗಳು ಗುಂಪನ್ನು ಸೀಳಿಕೊಂಡು ಓಡಿ ಬರುತ್ತಿದ್ದಾಳೆ. ಬಂದು ಕೈ ಹಿಡಿದವಳೇ, "ಎಲ್ಲಿ ಹೋಗ್ತೀರಿ ನನ್ನ ಬಿಟ್ಟು?" ಎಂದು ಸಿಟ್ಟು ಮಾಡಿದಳು.

ಅವಳ ಮಟ್ಟಕ್ಕೆ ಕುಕ್ಕರಗಾಲಲ್ಲಿ ಕೂತೆ. ಹೇಗೆ ಗೊತ್ತಾಯಿತು ಮಗಾ ಎಂದು ಕೇಳಿದೆ.

"ನೀವು ಚಲ್ತಾ ಇದ್ರಲ್ಲ" ಎಂದಳು ತನ್ನ ಮುಂಬಯಿ ಕನ್ನಡದಲ್ಲಿ. ನಡೆಯುತ್ತಿದ್ದಿರಲ್ಲ ಎಂದು.

"ಈಗ ಅಲ್ಲೇ ನಿಂತಿದ್ದೆ. ನೀನು ನನ್ನನ್ನೇ ನೋಡಿದಿ."

ಅವಳು ಸ್ವಲ್ಪ ಯೋಚಿಸಿದಳು. ನನಗೆ ಬೇಜಾರಾಗದ ಹಾಗೆ ಹೇಳಲು ನೋಡುತ್ತಿದ್ದಳೋ ಏನೋ. "ನಿಂತ್ರೆ ನೀವು ಯಾರೋ ಅಂಕಲ್, ಪಪ್ಪಾ. ನಡೆದ್ರೆ ನೀವೇ."

ಹೇಗೆ ನಡೆಯುತ್ತೇನೆ ತೋರಿಸು ಎಂದೆ. ಬ್ಯಾಗನ್ನು ನನ್ನ ಕೈಗೆ ಕೊಟ್ಟು ಫುಟ್‌ಪಾತಿನ ಮೇಲೆ ನಡೆದು ತೋರಿಸಿದಳು. ಪಾದ ಎರಡೂ ಹೊರಕ್ಕೆ ತಿರುಗಿ, ಎಡ ಹೆಗಲು ಮೇಲೆ, ಎಡಗೈ ಮಡಚಿ ಪಕ್ಕೆಗೆ ಅಂಟಿ. ನನಗೆ ನಗು ಬಂತು, ಆಮೇಲೆ ನಗು ನಿಂತುಹೋಯಿತು. ಗಲ್ಲಾದಲ್ಲಿ ಕೂರಿಸುವ ಮೊದಲು ಅಪ್ಪ ನನ್ನನ್ನು ಎಷ್ಟೋ ವರ್ಷ ಸಪ್ಲಯರ್ ಮಾಡಿ ದುಡಿಸಿದ್ದರು, ಎಡಗೈ ಮೇಲೆ ಪ್ಲೇಟು ಜೋಡಿಸಿಕೊಂಡು ಟೇಬಲಿನಿಂದ ಟೇಬಲಿಗೆ. ಪ್ಲೇಟುಗಳು ಹೋಗಿ ಯಾವ ಕಾಲವಾಯಿತು. ನಾನು ಈಗಲೂ ಅವನ್ನು ಹೊತ್ತುಕೊಂಡೇ ನಡೆಯುತ್ತೇನೆ ಎಂದು ನನಗೆ ಗೊತ್ತಿರಲಿಲ್ಲ. ಹೆಂಡತಿಗೆ ಗೊತ್ತಿರಲಿಲ್ಲ, ಹೆತ್ತ ಅಮ್ಮನಿಗೂ ಗೊತ್ತಿರಲಿಲ್ಲ.

ಡಾಕ್ಟರಿಗೆ ಹೇಳಿದಾಗ ಅವರಿಗೆ ಆಶ್ಚರ್ಯವಾಗಲಿಲ್ಲ. ಚಲನೆ ಮಿದುಳಿನಲ್ಲಿ ಬೇರೆ ದಾರಿಯಲ್ಲಿ ಹೋಗುತ್ತದೆ, ಇಂಥ ಕೆಲವು ಮಕ್ಕಳಲ್ಲಿ ಆ ದಾರಿ ಚೆನ್ನಾಗಿ ಉಳಿದಿರುತ್ತದೆ ಎಂದರು. ಅದನ್ನು ಬಳಸಿಕೊಳ್ಳಿ ಎಂದರು. ನನ್ನನ್ನು ಬೈಯುವುದನ್ನೂ ಮರೆಯಲಿಲ್ಲ.

ಈಗ ಶಾಲೆ ಬಿಡುವ ಹೊತ್ತಿಗೆ ನಾನು ಗೇಟಿನ ಮುಂದೆ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಹೋಗುತ್ತಿರುತ್ತೇನೆ. ವಾಚ್‌ಮನ್ ಒಂದು ದಿನ ತನ್ನ ಸ್ಟೂಲನ್ನು ನನ್ನ ಕಡೆ ತಳ್ಳಿ, "ಬೈಠೋ ನಾ ಸೇಠ್, ಕಿತನಾ ಟೆನ್ಶನ್ ಲೇತೇ ಹೋ" ಎಂದ. ಕೂರಿ, ಎಷ್ಟು ಟೆನ್ಶನ್ ಮಾಡಿಕೊಳ್ಳುತ್ತೀರಿ ಎಂದು. ಬೇಡ ಎಂದೆ. ಬೇರೆ ಅಪ್ಪಂದಿರು ನಿಂತುಕೊಂಡೇ ತಮ್ಮ ಮಕ್ಕಳಿಗೆ ಸಿಗುತ್ತಾರೆ. ನಾನು ನಡೆಯುತ್ತೇನೆ.